ಸಾಕಿದ ಕಡಲಮೀನು ಏನು ತಿಂದು ಬೆಳೆದಿತ್ತು?

ಬೆಂಗಳೂರಿನಲ್ಲಿ ಮೀನು ತಿನ್ನುವವರ ಮನೆಗಳಲ್ಲಿ ಈಗ ಎರಡು ನಂಬಿಕೆಗಳು ಒಟ್ಟೊಟ್ಟಿಗೇ ಬಾಳುತ್ತಿವೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯರ ಪ್ರಕಾರ ಸಾಕಿದ ಮೀನು ಮೀನೇ ಅಲ್ಲ. ಅದಕ್ಕೆ ರುಚಿಯೂ ಇಲ್ಲ, ಸತ್ವವೂ ಇಲ್ಲ. ಅದೇ ಮನೆಯ ಕಿರಿಯರ ಪ್ರಕಾರ ಸೂಪರ್‌ಮಾರ್ಕೆಟ್ಟಿನ ಗಾಜಿನ ಪೆಟ್ಟಿಗೆಯಲ್ಲಿ ಐಸಿನ ಮೇಲೆ ಜೋಡಿಸಿಟ್ಟ ಕಿತ್ತಳೆ ಬಣ್ಣದ ಸಾಲ್ಮನ್ ತುಂಡಿಗಿಂತ ಆರೋಗ್ಯಕರವಾದ ಆಹಾರ ಇನ್ನೊಂದಿಲ್ಲ. ಆ ಅಟ್ಲಾಂಟಿಕ್ ಸಾಲ್ಮನ್ ಕೂಡ ನಾರ್ವೆಯಂಥ ದೇಶದ ಕಡಲ ಪಂಜರದಲ್ಲಿ ಸಾಕಿ ಬೆಳೆಸಿದ ಮೀನೇ ಎಂಬುದನ್ನು ಈ ಎರಡು ಪಕ್ಷದವರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಈ ಚರ್ಚೆ ಜೋರಾದದ್ದು ಅಪ್ಪನ ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು ವಾರಕ್ಕೆರಡು ಸಲ ಎಣ್ಣೆಯಂಶವಿರುವ ಮೀನು ತಿನ್ನುವಂತೆ ಸೂಚಿಸಿದ ಮೇಲೆ. ದೊಡ್ಡಮ್ಮ ಫೋನಿನಲ್ಲಿಯೇ ತೀರ್ಪು ಕೊಟ್ಟುಬಿಟ್ಟರು: “ಸಾಕಿದ್ದು ತರಬೇಡ ಮಾರಾಯ, ಅದು ಬರೀ ನೆಣ.” ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯಲು ಸಾಕಷ್ಟು ಓದಬೇಕಾಯಿತು.

ಓದಿದ ಮೇಲೆ ನನಗೆ ಮನವರಿಕೆಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಕಿದ ಕಡಲಮೀನು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಕ್ಕುವುದಿಲ್ಲ. ಯಾವ ಜಾತಿಯ ಮೀನು, ಅದು ಏನು ತಿಂದು ಬೆಳೆಯಿತು ಎಂದು ಕೇಳಿದರೆ ಮಾತ್ರ ಉತ್ತರ ದೊರೆಯುತ್ತದೆ. ದುರದೃಷ್ಟವೆಂದರೆ, ನಮ್ಮ ಊರಿನ ಯಾವ ಮೀನಿನ ಪೊಟ್ಟಣದ ಮೇಲೂ ಆ ಎರಡನೆಯ ಸಂಗತಿಯನ್ನು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಪ್ರೋಟೀನಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಾಕಿದ್ದಿರಲಿ, ಬಲೆಗೆ ಬಿದ್ದದ್ದಿರಲಿ, ನೂರು ಗ್ರಾಂ ಹಸಿ ಮೀನಿನಲ್ಲಿ ಸಾಮಾನ್ಯವಾಗಿ 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ; ಅದರ ಅಮೈನೋ ಆಮ್ಲಗಳ ಹೊಂದಾಣಿಕೆಯನ್ನು ಬಹುಮಟ್ಟಿಗೆ ಮೀನಿನ ಜಾತಿಯೇ ನಿರ್ಧರಿಸುವುದರಿಂದ ಮೇವು ಬದಲಾದ ಮಾತ್ರಕ್ಕೆ ಅದು ಅಷ್ಟಾಗಿ ಏರುಪೇರಾಗುವುದಿಲ್ಲ. ವ್ಯತ್ಯಾಸವೆಲ್ಲ ಇರುವುದು ಕೊಬ್ಬಿನಲ್ಲಿ. ಕೊಬ್ಬಿನ ಪ್ರಮಾಣವೂ ಬದಲಾಗುತ್ತದೆ, ಅದರ ಗುಣವೂ ಬದಲಾಗುತ್ತದೆ, ಮತ್ತು ವೈದ್ಯರು ಮೀನು ತಿನ್ನಿ ಎಂದು ಹೇಳುವುದು ಮುಖ್ಯವಾಗಿ ಆ ಕೊಬ್ಬಿಗಾಗಿಯೇ.

ಮೀನಿನ ಕೊಬ್ಬಿನಲ್ಲಿ ನಾವು ಬಯಸುವ ಒಮೆಗಾ-3 ಎಂದರೆ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಉದ್ದ ಸರಪಳಿಯ ಕೊಬ್ಬಿನಾಮ್ಲಗಳು. ಇವುಗಳನ್ನು ಮೂಲತಃ ತಯಾರಿಸುವುದು ಕಡಲಿನ ಸೂಕ್ಷ್ಮಪಾಚಿಗಳು. ಪಾಚಿಯನ್ನು ತೇಲುಜೀವಿಗಳು ತಿನ್ನುತ್ತವೆ, ಅವನ್ನು ಭೂತಾಯಿಯಂಥ ಸಣ್ಣ ಮೀನುಗಳು ಸೋಸಿ ತಿನ್ನುತ್ತವೆ, ಭೂತಾಯಿಯನ್ನು ಅಂಜಲ್ ತಿನ್ನುತ್ತದೆ. ಹೀಗೆ ಪಾಚಿಯ ಎಣ್ಣೆ ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಸಾಗಿ ನಮ್ಮ ತಟ್ಟೆಗೆ ಬರುತ್ತದೆ. ಅಗಸೆ ಮತ್ತು ಕನೋಲಾ ಎಣ್ಣೆಗಳಲ್ಲಿರುವ ಚಿಕ್ಕ ಸರಪಳಿಯ ಒಮೆಗಾ-3ಯನ್ನು ದೇಹದೊಳಗೇ ಇಪಿಎ, ಡಿಎಚ್‌ಎಗಳಾಗಿ ಬೆಳೆಸಿಕೊಳ್ಳುವ ಶಕ್ತಿ ಸಿಹಿನೀರಿನ ಮೀನುಗಳಿಗೆ ಒಂದಿಷ್ಟಿದೆ. ಕಡಲಿನ ಮಾಂಸಾಹಾರಿ ಮೀನುಗಳಲ್ಲಿ ಬಹುಪಾಲಿಗೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮೇವಿನಲ್ಲೇ ಧಾರಾಳವಾಗಿ ಸಿಗುವ ಪದಾರ್ಥವನ್ನು ತಯಾರಿಸಿಕೊಳ್ಳುವ ಅಗತ್ಯವೇ ಅವಕ್ಕೆ ಬೀಳಲಿಲ್ಲ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ. ಇದಕ್ಕೊಂದು ಸ್ವಾರಸ್ಯಕರ ಅಪವಾದವಿದೆ: ಪಾಚಿ, ಕಡಲಸಸ್ಯಗಳನ್ನು ಮೇಯುವ ರ‍್ಯಾಬಿಟ್‌ಫಿಶ್ ಎಂಬ ಕಡಲಮೀನಿಗೆ ಈ ಕೊಬ್ಬಿನಾಮ್ಲಗಳನ್ನು ತಾನೇ ಕಟ್ಟಿಕೊಳ್ಳುವ ಕಿಣ್ವಗಳಿವೆ ಎಂಬುದು 2010ರಲ್ಲಿ ಪ್ರಕಟವಾಯಿತು. ಆದರೆ ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ಸಾಕಣೆಯ ಕಡಲಮೀನುಗಳು, ಅಂದರೆ ಸೀಬಾಸ್, ಕೋಬಿಯಾ, ಸೀಬ್ರೀಮ್ ಮುಂತಾದವು, ಆ ಗುಂಪಿಗೆ ಸೇರಿದವಲ್ಲ. ಅವುಗಳಿಗೆ ಸೋಯಾ ಎಣ್ಣೆ ತಿನ್ನಿಸಿದರೆ ಅವುಗಳ ಕೊಬ್ಬು ಸೋಯಾ ಎಣ್ಣೆಯ ಕಡೆಗೆ ವಾಲುತ್ತದೆ. ಮೀನೆಣ್ಣೆ ತಿನ್ನಿಸಿದರೆ ಮೀನೆಣ್ಣೆಯ ಕಡೆಗೆ.

ಈ ಮಾತಿಗೆ ಅತ್ಯಂತ ಸ್ಪಷ್ಟವಾದ ಪುರಾವೆ ಸಿಗುವುದು ಸಾಲ್ಮನ್‌ನಲ್ಲಿ, ಏಕೆಂದರೆ ಅದು ದೀರ್ಘಕಾಲದಿಂದ ಅಧ್ಯಯನಕ್ಕೆ ಒಳಗಾಗಿರುವ ಸಾಕಣೆಯ ಮೀನು. ಸಾಲ್ಮನ್ ಹುಟ್ಟುವುದು ನದಿಯಲ್ಲಾದರೂ ಬೆಳೆಯುವುದು ಕಡಲಿನಲ್ಲಿ. 1990ರ ಸುಮಾರಿಗೆ ನಾರ್ವೆಯ ಸಾಲ್ಮನ್ ಮೇವಿನಲ್ಲಿ ಶೇಕಡಾ 90ರಷ್ಟು ಕಡಲಿನಿಂದಲೇ ಬಂದ ಪದಾರ್ಥವಿರುತ್ತಿತ್ತು: ಸಣ್ಣ ಮೀನುಗಳನ್ನು ಬೇಯಿಸಿ, ಹಿಂಡಿ, ಒಣಗಿಸಿ ಮಾಡಿದ ಫಿಶ್‌ಮೀಲ್ ಮತ್ತು ಹಾಗೆ ಹಿಂಡಿದಾಗ ಬಂದ ಮೀನೆಣ್ಣೆ. 2013ರ ಹೊತ್ತಿಗೆ ಆ ಪಾಲು ಶೇಕಡಾ 30ರ ಆಸುಪಾಸಿಗೆ ಇಳಿದಿತ್ತು. ಉಳಿದದ್ದು ಸೋಯಾ ಪ್ರೋಟೀನ್, ಗೋಧಿ, ರೇಪ್‌ಸೀಡ್ ಎಂಬ ಸಾಸಿವೆ ಜಾತಿಯ ಬೀಜದ ಎಣ್ಣೆ. ಜಗತ್ತಿನ ಮೀನೆಣ್ಣೆಯ ಉತ್ಪಾದನೆ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಸುತ್ತಮುತ್ತಲೇ ನಿಂತಿರುವಾಗ ಸಾಕಣೆ ಮಾತ್ರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ ಹೋದರೆ ಬೇರೆ ದಾರಿಯೂ ಇರಲಿಲ್ಲ. ಕಡಲಿನ ಸಣ್ಣ ಮೀನುಗಳ ದೃಷ್ಟಿಯಿಂದ ಇದು ಒಳ್ಳೆಯ ಬೆಳವಣಿಗೆ ಎಂಬುದರಲ್ಲಿ ಅನುಮಾನವಿಲ್ಲ. ತಿನ್ನುವವರ ದೃಷ್ಟಿಯಿಂದ ಏನಾಯಿತು ಎಂಬುದನ್ನು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅವರು ಮೂರು ಸಾವಿರಕ್ಕೂ ಹೆಚ್ಚು ಸ್ಕಾಟಿಷ್ ಸಾಲ್ಮನ್‌ಗಳ ಮಾಂಸವನ್ನು ಪರೀಕ್ಷಿಸಿದ್ದರು. 2006ರಲ್ಲಿ ನೂರು ಗ್ರಾಂ ಮಾಂಸಕ್ಕೆ 2.74 ಗ್ರಾಂ ಇದ್ದ ಇಪಿಎ ಮತ್ತು ಡಿಎಚ್‌ಎಗಳ ಒಟ್ಟು ಪ್ರಮಾಣ 2015ಕ್ಕೆ 1.36 ಗ್ರಾಮಿಗೆ ಬಂದಿತ್ತು. ಒಂಬತ್ತು ವರ್ಷಗಳಲ್ಲಿ ಸರಿಸುಮಾರು ಅರ್ಧ.

ಈ ಅಂಕಿಯನ್ನು ಓದಿ ಸಾಲ್ಮನ್ ಬಿಟ್ಟೇಬಿಟ್ಟ ಗೆಳೆಯರು ನನಗಿದ್ದಾರೆ. ಅವರಿಗೆ ಹೇಳುವ ಲೆಕ್ಕ ಇಷ್ಟು. ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎ ಸಾಕೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ವಿಶ್ವಸಂಸ್ಥೆಯ ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರ ಶಿಫಾರಸಿನ ಕೆಳಮಟ್ಟವೂ ಅಷ್ಟೇ. ವಾರಕ್ಕೆ ಅದು 1.75 ಗ್ರಾಂ ಆಗುತ್ತದೆ. 2015ರ ಸಾಲ್ಮನ್‌ನ 130 ಗ್ರಾಮಿನ ಒಂದು ತುಂಡಿನಲ್ಲಿ 1.77 ಗ್ರಾಂ ಸಿಗುತ್ತದೆ. ಅಂದರೆ ಅರ್ಧಕ್ಕೆ ಇಳಿದ ಮೇಲೂ ವಾರಕ್ಕೊಂದು ತುಂಡು ಆ ಕನಿಷ್ಠವನ್ನು ಮುಟ್ಟಿಸುತ್ತದೆ. ಹೃದಯದ ಆರೋಗ್ಯಕ್ಕಾಗಿ ದಿನಕ್ಕೆ ಅರ್ಧ ಗ್ರಾಂ ಬೇಕೆನ್ನುವವರಿಗೆ ಮೊದಲು ಒಂದು ತುಂಡಿನಲ್ಲಿ ಸಿಗುತ್ತಿದ್ದದ್ದಕ್ಕೆ ಈಗ ಎರಡು ತುಂಡು ಬೇಕಾಗುತ್ತದೆ. ಇಳಿದದ್ದು ನಿಜ, ಬರಿದಾಗಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಕಿದ ಮೀನನ್ನೂ ಕಡಲಿನದನ್ನೂ ಹೋಲಿಸುವ ಬರಹಗಳಲ್ಲಿ ಕೆಲವು ಒಟ್ಟು ಕೊಬ್ಬಿನಲ್ಲಿ ಒಮೆಗಾ-3ಯ ಶೇಕಡಾವಾರನ್ನು ಕೊಡುತ್ತವೆ, ಇನ್ನು ಕೆಲವು ನೂರು ಗ್ರಾಂ ಮಾಂಸದಲ್ಲಿ ಎಷ್ಟು ಗ್ರಾಂ ಇದೆ ಎಂಬುದನ್ನು ಕೊಡುತ್ತವೆ. ಇವೆರಡರಿಂದ ಹೊರಡುವ ತೀರ್ಮಾನಗಳು ಒಂದಕ್ಕೊಂದು ವಿರುದ್ಧವಾಗಿರಬಹುದು. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಕಾಡು, ಅಂದರೆ ಸಾಕದೆ ತಾನಾಗಿ ಬೆಳೆದ, ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಸುಮಾರು 6 ಗ್ರಾಂ ಕೊಬ್ಬು ಮತ್ತು 142 ಕ್ಯಾಲೊರಿ ಇದ್ದರೆ, ಸಾಕಿದ್ದರಲ್ಲಿ 13 ಗ್ರಾಮಿಗೂ ಹೆಚ್ಚು ಕೊಬ್ಬು ಮತ್ತು 208 ಕ್ಯಾಲೊರಿ ಇರುತ್ತದೆ. ಕೊಬ್ಬು ದುಪ್ಪಟ್ಟಾದಾಗ ಅದರಲ್ಲಿನ ಒಮೆಗಾ-3ಯ ಪಾಲು ಅರ್ಧಕ್ಕೆ ಇಳಿದರೂ ಗ್ರಾಂ ಲೆಕ್ಕದಲ್ಲಿ ನಮಗೆ ದೊರೆಯುವುದು ಹೆಚ್ಚುಕಡಿಮೆ ಅಷ್ಟೇ. ಆದರೆ ಅದರ ಜೊತೆಗೆ ನಾವು ಕೇಳದ ರೇಪ್‌ಸೀಡ್ ಎಣ್ಣೆಯ ಕೊಬ್ಬನ್ನೂ ಕ್ಯಾಲೊರಿಯನ್ನೂ ಒಳಗೆ ಬಿಟ್ಟುಕೊಂಡಿರುತ್ತೇವೆ. ದೊಡ್ಡಮ್ಮನ ಅರ್ಧ ಸತ್ಯ ಇದೇ: ನೆಣ ಹೆಚ್ಚು ಎಂಬುದು ಸರಿ, “ಬರೀ ನೆಣ” ಎಂಬುದು ಸರಿಯಲ್ಲ.

ವಿಷಕಾರಿ ಅಂಶಗಳ ವಿಷಯದಲ್ಲಿ ಇದೇ ಕಥೆ ತಿರುಗುಮುರುಗಾಗಿದೆ. 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ಸಾಕಿದ ಸಾಲ್ಮನ್‌ನಲ್ಲಿ ಪಿಸಿಬಿಯಂಥ (ಕೈಗಾರಿಕೆಗಳಿಂದ ಪರಿಸರಕ್ಕೆ ಸೇರಿದ ವಿಷಕಾರಿ) ರಾಸಾಯನಿಕಗಳು ಕಾಡು ಸಾಲ್ಮನ್‌ಗಿಂತ ಹೆಚ್ಚಿವೆ ಎಂದು ತೋರಿಸಿ ದೊಡ್ಡ ಗದ್ದಲವನ್ನೇ ಎಬ್ಬಿಸಿತ್ತು. ಇಂದಿಗೂ ವಾಟ್ಸಾಪಿನಲ್ಲಿ ಹರಿದಾಡುವ ಎಚ್ಚರಿಕೆಗಳ ಬೇರು ಅಲ್ಲಿಯೇ ಇದೆ. ಆ ರಾಸಾಯನಿಕಗಳು ಮೀನಿಗೆ ಬಂದದ್ದು ಮೇವಿನ ಮೀನೆಣ್ಣೆಯ ಮೂಲಕ. ಮೀನೆಣ್ಣೆ ಕಡಿಮೆಯಾಗಿ ಸಸ್ಯದೆಣ್ಣೆ ಬಂದಂತೆ ಅವೂ ಕಡಿಮೆಯಾದವು. 2017ರಲ್ಲಿ ನಾರ್ವೆಯ ಸಂಶೋಧಕರು ಮಾಡಿದ ಹೋಲಿಕೆಯಲ್ಲಿ ಇಂಥ ಮಾಲಿನ್ಯಕಾರಕಗಳೂ ಲೋಹಗಳೂ ಸಾಕಿದ ಸಾಲ್ಮನ್‌ನಲ್ಲೇ ಕಡಿಮೆ ಇದ್ದವು, ಡಿಎಚ್‌ಎ ಕೂಡ ಕಡಿಮೆ ಇತ್ತು. ಒಳ್ಳೆಯದೂ ಕೆಟ್ಟದ್ದೂ ಒಂದೇ ಎಣ್ಣೆಯಲ್ಲಿ ಬರುತ್ತಿದ್ದವು, ಒಟ್ಟಿಗೇ ಇಳಿದವು. ಪಾದರಸದ ವಿಷಯದಲ್ಲೂ ಸಾಕಿದ ಮೀನಿಗೆ ಸ್ವಲ್ಪ ಅನುಕೂಲವಿದೆ, ಏಕೆಂದರೆ ಪಾದರಸ ಹೆಚ್ಚಾಗಿ ಶೇಖರವಾಗುವುದು ಶಾರ್ಕಿನಂಥ ದೀರ್ಘಾಯುಷಿ ಬೇಟೆಗಾರ ಮೀನುಗಳಲ್ಲಿ; ಪಂಜರದ ಮೀನು ಅಷ್ಟು ವಯಸ್ಸಾಗುವ ಮೊದಲೇ ಮಾರುಕಟ್ಟೆಗೆ ಬಂದಿರುತ್ತದೆ.

ಉಳಿದ ಪೋಷಕಾಂಶಗಳನ್ನು ಬೇಗ ಮುಗಿಸುತ್ತೇನೆ. ಡಿ ವಿಟಮಿನ್ ಕೂಡ ಮೇವಿನಿಂದಲೇ ಬರುವಂಥದ್ದು. 2007ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ ಸಾಕಿದ ಸಾಲ್ಮನ್‌ನಲ್ಲಿ ಅದು ಕಾಡು ಸಾಲ್ಮನ್‌ನ ಕಾಲುಭಾಗದಷ್ಟಿತ್ತು. ಮೇವಿಗೆ ಸಸ್ಯ ಪ್ರೋಟೀನ್ ಬಂದಂತೆ ಸೆಲೆನಿಯಂ ಕಡಿಮೆಯಾಗುತ್ತದೆ, ಅದನ್ನು ಮೇವಿಗೆ ಬೆರೆಸಿ ಸರಿದೂಗಿಸಬಹುದು. ಅಯೋಡಿನ್ ಕೂಡ ಕಡಿಮೆಯಾಗುತ್ತದೆ, ಆದರೆ ಅಯೋಡಿನ್ ಬೆರೆಸಿದ ಉಪ್ಪು ಬಳಸುವ ನಮ್ಮ ಅಡುಗೆಮನೆಗಳಿಗೆ ಅದು ಚಿಂತೆಯ ವಿಷಯವಲ್ಲ. ಸಾಲ್ಮನ್‌ನ ಆ ಕಿತ್ತಳೆ ಬಣ್ಣ ಅಸ್ಟಜಾಂತಿನ್ ಎಂಬ ವರ್ಣದ್ರವ್ಯದ್ದು. ಕಡಲಿನಲ್ಲಿ ಅದು ಸಿಗಡಿಜಾತಿಯ ಸಣ್ಣ ಜೀವಿಗಳಿಂದ ಬರುತ್ತದೆ, ಪಂಜರದಲ್ಲಿ ಮೇವಿಗೆ ಬೆರೆಸಿ ಕೊಡುತ್ತಾರೆ. ಬಣ್ಣ ಗಾಢವಾಗಿದ್ದರೆ ಸತ್ವವೂ ಹೆಚ್ಚು ಎಂದು ತಿಳಿಯಬೇಕಾಗಿಲ್ಲ.

ಇನ್ನು ನಮ್ಮ ಕಡಲಿಗೆ ಬರೋಣ. ಜಲಜೀವಿಗಳ ಜಾಗತಿಕ ಉತ್ಪಾದನೆಯಲ್ಲಿ ಸಾಕಣೆಯದ್ದು ಬೇಟೆಯನ್ನು ಮೀರಿ ಶೇಕಡಾ 51ಕ್ಕೆ ತಲುಪಿದ್ದು 2022ರಲ್ಲಿ. ಆದರೆ ಸಾಕಿದ ಮೀನುಗಳಲ್ಲಿ ದೊಡ್ಡ ಪಾಲು ಸಿಹಿನೀರಿನವು, ಭಾರತದಲ್ಲಂತೂ ರೋಹು, ಕಾಟ್ಲಾಗಳದ್ದೇ ರಾಜ್ಯ. ಕಡಲಮೀನಿನ ಸಾಕಣೆ ನಮ್ಮಲ್ಲಿ ಇನ್ನೂ ಎಳೆಯದು. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆಯು ಸೀಬಾಸ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸಿದ್ದು 1997ರಲ್ಲಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ವಿಶಾಖಪಟ್ಟಣದಲ್ಲಿ ತೆರೆದ ಕಡಲಿನ ಪಂಜರ ಕೃಷಿಯ ಪ್ರಯೋಗ ಆರಂಭಿಸಿದ್ದು 2007ರಲ್ಲಿ, ಮಂಡಪಂನಲ್ಲಿ ಕೋಬಿಯಾ ಮರಿ ಮಾಡಿಸಿದ್ದು 2010ರಲ್ಲಿ, ಮರುವರ್ಷ ಸಿಲ್ವರ್ ಪಾಂಪನೋ. ಕರ್ನಾಟಕದಲ್ಲಿ ಕಾರವಾರದ ಕಡಲಿನಲ್ಲೂ ಬೈಂದೂರು ಬಳಿಯ ಉಪ್ಪುಂದದ ಅಳಿವೆಯಲ್ಲೂ ಪಂಜರಗಳಿವೆ. ಮಲಯಾಳಿಗಳು ಕಾಳಾಂಜಿ ಎಂದೂ ಬಂಗಾಳಿಗಳು ಭೇಟ್ಕಿ ಎಂದೂ ಹುಡುಕಿಕೊಂಡು ಬರುವ ಸೀಬಾಸ್ ಉಪ್ಪುನೀರು, ಸಿಹಿನೀರು ಎರಡಕ್ಕೂ ಒಗ್ಗುವ ಮೀನು. ಆದ್ದರಿಂದ ‘ಕಡಲಮೀನು’ ಎಂದು ನಾವು ಕೊಂಡ ಸೀಬಾಸ್ ಸಿಹಿನೀರಿನ ಕೊಳದಲ್ಲಿಯೇ ಬೆಳೆದದ್ದೂ ಆಗಿರಬಹುದು. ಅದರ ಕೊಬ್ಬಿನ ಗುಣವನ್ನು ಮುಖ್ಯವಾಗಿ ನಿರ್ಧರಿಸುವುದು, ನೀರಿಗಿಂತ ಹೆಚ್ಚಾಗಿ, ಮೇವು.

ನಮ್ಮ ಪಂಜರಗಳಲ್ಲಿ ಮೇವು ಎರಡು ಬಗೆಯದು. ಒಂದು, ಕಾರ್ಖಾನೆಯಲ್ಲಿ ತಯಾರಾದ ಒಣ ಗುಳಿಗೆ. ಇನ್ನೊಂದು, ಬಂದರಿನಲ್ಲಿ ಅಗ್ಗಕ್ಕೆ ಸಿಗುವ ಭೂತಾಯಿ ಮತ್ತಿತರ ಸಣ್ಣ ಮೀನನ್ನು ಹಸಿಯಾಗಿಯೇ ಕತ್ತರಿಸಿ ಹಾಕುವುದು. ಪೌಷ್ಟಿಕತೆಯನ್ನಷ್ಟೇ ನೋಡಿದರೆ ಎರಡನೆಯ ಬಗೆಯ ಮೇವು ತಿಂದ ಮೀನಿನ ಕೊಬ್ಬು ಕಡಲಿನ ಮೀನಿನದಕ್ಕೆ ತುಂಬ ಹತ್ತಿರ ಇರುತ್ತದೆ, ಏಕೆಂದರೆ ಅದು ತಿಂದದ್ದು ಕಡಲಿನ ಮೀನನ್ನೇ. ಆದರೆ ಒಂದು ಕಿಲೋ ಸೀಬಾಸ್ ಬೆಳೆಯಲು ಹಲವು ಕಿಲೋ ಹಸಿ ಮೀನು ಸುರಿಯಬೇಕಾಗುತ್ತದೆ. ಫಿಶ್‌ಮೀಲಿನ ಲೆಕ್ಕವೂ ಇದಕ್ಕಿಂತ ತೀರ ಬೇರೆಯಲ್ಲ: ನಾಲ್ಕೈದು ಕಿಲೋ ಹಸಿ ಮೀನಿಗೆ ಒಂದು ಕಿಲೋ ಪುಡಿ. ಮಂಗಳೂರು, ಉಡುಪಿ ಕಡೆ ಓಡಾಡಿದವರಿಗೆ ಈ ಕಾರ್ಖಾನೆಗಳ ಗುರುತು ಹೇಳಬೇಕಾಗಿಲ್ಲ. ಗಾಳಿ ಈ ಕಡೆ ಬೀಸಿದರೆ ಮೂಗೇ ಹೇಳುತ್ತದೆ. ಅಲ್ಲಿಗೆ ಹೋಗುವುದು ಬಡವರ ಮೀನೆಂದು ಹೆಸರಾದ ಭೂತಾಯಿ. ಅದೇನು ಎಂದೂ ಬತ್ತದ ನಿಧಿಯೂ ಅಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನಷ್ಟು ಭೂತಾಯಿ ಬಲೆಗೆ ಬಿದ್ದಿದ್ದರೆ, 2021ರಲ್ಲಿ ಬಿದ್ದದ್ದು 3,300 ಟನ್ನಿನ ಆಸುಪಾಸು. ಒಮೆಗಾ-3ಗಾಗಿ ಸಾಕಿದ ಮೀನಿಗೆ ಕಿಲೋಗೆ ಐನೂರು, ಆರುನೂರು ರೂಪಾಯಿ ಕೊಟ್ಟು, ಆ ಮೀನಿಗೆ ಅದೇ ಒಮೆಗಾ-3ಯನ್ನು ಕೊಟ್ಟ ಭೂತಾಯಿಯನ್ನು ‘ಮುಳ್ಳು ಜಾಸ್ತಿ’ ಎಂದು ಬಿಡುವ ನಮ್ಮ ನಗರದ ಜಾಣತನ ನನಗೆ ಅರ್ಥವಾಗುವುದಿಲ್ಲ.

ಮೇವಿನ ಗುರುತು ಮೀನಿನ ಮೈಯಲ್ಲಿ ಕಣ್ಣಿಗೇ ಕಾಣುವುದುಂಟು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಒಂದು ಭಾನುವಾರ ಬೆಳಗ್ಗೆ ಎರಡು ಕಿಲೋ ತೂಗುವ ಸೀಬಾಸ್ ಆರಿಸಿ ಕೊಯ್ಯಲು ಕೊಟ್ಟಿದ್ದೆ. ಅಂಗಡಿಯವರು ಹುರುಪೆ ಹೆರೆದು, ಬಾಲದ ಕಡೆಯಿಂದ ಕಿವಿರಿನವರೆಗೆ ಹೊಟ್ಟೆ ಸೀಳಿದಾಗ ಕರುಳಿನ ಸುತ್ತ ಮೇಣ ಕಟ್ಟಿದ ಹಾಗೆ ಬಿಳಿಯ ನೆಣ ಮುದ್ದೆಯಾಗಿ ಕೂತಿತ್ತು. ಎರಡು ಬೆರಳು ಹಾಕಿ ಅದನ್ನು ಇಡಿಯಾಗಿ ಎಳೆದು ಬುಟ್ಟಿಗೆ ಹಾಕುತ್ತಾ, “ಫಾರಂ ಮೀನು ಸಾರ್, ಇಷ್ಟು ಇದ್ದೇ ಇರ್ತದೆ” ಎಂದರು. ಪಕ್ಕದ ಹಲಗೆಯ ಮೇಲೆ ಬೇರೆಯವರಿಗಾಗಿ ಸೀಳಿಟ್ಟಿದ್ದ ಬಲೆಯ ಮೀನಿನ ಹೊಟ್ಟೆಯಲ್ಲಿ ತೆಳ್ಳಗಿನ ಪೊರೆ, ಕರುಳು, ಪಿತ್ತಕೋಶ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹೊತ್ತುಹೊತ್ತಿಗೆ ಮೇವು ಸಿಗುವ, ಬೇಟೆಗಾಗಿ ಈಜಾಡಬೇಕಾಗಿಲ್ಲದ ಸೀಬಾಸ್ ಹೆಚ್ಚುವರಿ ಶಕ್ತಿಯನ್ನು ಬಹುಪಾಲು ಹೊಟ್ಟೆಯೊಳಗೇ ಕೂಡಿಡುತ್ತದೆ. ಆ ನೆಣವನ್ನು ತೆಗೆದು ಬಿಸಾಡಿದ ಮೇಲೆ ಉಳಿಯುವ ಮಾಂಸದ ಕೊಬ್ಬು ಸಾಲ್ಮನ್‌ನದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಸಾಕಿದ ಸೀಬಾಸ್ ಒಳ್ಳೆಯ ಪ್ರೋಟೀನಿನ ಮೀನು. ಒಮೆಗಾ-3ಗಾಗಿ ಸಾಲ್ಮನ್‌ನಂತೆ ಅದರ ಮೇಲೆ ಭಾರ ಹಾಕುವಂತಿಲ್ಲ. ಕೋಬಿಯಾ ಇದಕ್ಕೆ ಹೋಲಿಸಿದರೆ ಕೊಬ್ಬಿನ ಮೀನು, ಅದರ ಮಾಂಸದಲ್ಲೇ ಎಣ್ಣೆ ಇರುತ್ತದೆ, ಆದರೆ ಬೆಂಗಳೂರಿನ ಅಂಗಡಿಗಳಲ್ಲಿ ನನಗೆ ಅದು ಅಪರೂಪಕ್ಕೆ ಸಿಕ್ಕಿದೆ.

ಮೇವಿನ ಸಮಸ್ಯೆಗೆ ಪರಿಹಾರಗಳು ಇಲ್ಲವೆಂದಲ್ಲ. ಮೆಡಿಟರೇನಿಯನ್ ಕಡೆ ಸೀಬ್ರೀಮ್, ಸೀಬಾಸ್ ಸಾಕುವವರಿಗಾಗಿ ರೂಪಿಸಿದ ಒಂದು ಕ್ರಮ ನನಗೆ ಬಹಳ ಹಿಡಿಸಿತು. ಬೆಳವಣಿಗೆಯ ಬಹುಪಾಲು ಅವಧಿಯಲ್ಲಿ ಸಸ್ಯದೆಣ್ಣೆಯ ಮೇವು ಹಾಕಿ, ಹಿಡಿಯುವ ಮುಂಚಿನ ಕೆಲವು ವಾರಗಳಲ್ಲಿ ಮೀನೆಣ್ಣೆಯ ಮೇವಿಗೆ ಬದಲಿಸಿದರೆ ಇಪಿಎ, ಡಿಎಚ್‌ಎಗಳು ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಏರುತ್ತವೆ. ಸಸ್ಯದೆಣ್ಣೆಯಿಂದ ಬಂದ ಒಮೆಗಾ-6 ಎಂಬ ಇನ್ನೊಂದು ಬಗೆಯ ಕೊಬ್ಬಿನಾಮ್ಲ ಮಾತ್ರ ಅಷ್ಟು ಬೇಗ ಮೈಬಿಟ್ಟು ಹೋಗುವುದಿಲ್ಲ. ಇರುವ ಸ್ವಲ್ಪ ಮೀನೆಣ್ಣೆಯನ್ನು ಎಲ್ಲಿ ಖರ್ಚು ಮಾಡಬೇಕೋ ಅಲ್ಲಿ ಮಾಡುವ ಉಪಾಯ ಇದು. ಇನ್ನೊಂದು ದಾರಿ ನೇರವಾಗಿ ಮೂಲಕ್ಕೇ ಹೋಗುವುದು: ಸೂಕ್ಷ್ಮಪಾಚಿಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಅವುಗಳ ಎಣ್ಣೆಯನ್ನು ಮೇವಿಗೆ ಬೆರೆಸುವುದು. ಅಮೆರಿಕದ ನೆಬ್ರಾಸ್ಕಾದಲ್ಲಿ ಇದಕ್ಕಾಗಿಯೇ ಕಟ್ಟಿದ ಕಾರ್ಖಾನೆ 2019ರಲ್ಲಿ ಆರಂಭವಾಯಿತು. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನ್ಯೋ ಕಾರಣದಿಂದ ಪೆರು ದೇಶ 2023ರಲ್ಲಿ, ಮೀನೆಣ್ಣೆಯ ದೊಡ್ಡ ಮೂಲವಾದ ಆಂಚೊವಿ ಎಂಬ ಸಣ್ಣ ಮೀನಿನ ಮೀನುಗಾರಿಕೆಯ ಮೊದಲ ಹಂಗಾಮನ್ನೇ ರದ್ದುಪಡಿಸಿ, ಮೀನೆಣ್ಣೆಯ ಬೆಲೆ ಗಗನಕ್ಕೇರಿದಾಗ ಪಾಚಿಯೆಣ್ಣೆಯ ಲೆಕ್ಕಾಚಾರ ಮೊದಲಿನಷ್ಟು ದುಬಾರಿಯಾಗಿ ಕಾಣಲಿಲ್ಲ. ಮೀನು ಮುಟ್ಟದ ಮಲ್ಲೇಶ್ವರದ ಗೆಳೆಯರೊಬ್ಬರು ಔಷಧದಂಗಡಿಯಿಂದ ತಂದು ನುಂಗುವ ಡಿಎಚ್‌ಎ ಗುಳಿಗೆಯಲ್ಲಿರುವುದೂ ಪಾಚಿಯೆಣ್ಣೆಯೇ. ಅದರ ಡಿಎಚ್‌ಎಗೂ ಬಂಗುಡೆಯ ಡಿಎಚ್‌ಎಗೂ ವ್ಯತ್ಯಾಸವಿಲ್ಲ ಎಂದು ಹೇಳಿದಾಗ ಅವರು ಸ್ವಲ್ಪ ಇರಿಸುಮುರಿಸುಗೊಂಡರು.

ಅಂಗಡಿಯಲ್ಲಿ ನಿಂತಾಗ ಇಷ್ಟೆಲ್ಲದರಿಂದ ಏನು ಪ್ರಯೋಜನ? ಮೊದಲನೆಯದಾಗಿ, ಹೆಸರನ್ನು ಪೂರ್ತಿ ಓದಬೇಕು. ಬೆಂಗಳೂರಿನಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವುದು ರಾವಸ್ ಮೀನು. ಸಾಲ್ಮನ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಮಾಂಸ ಬಿಳಿ. ರುಚಿಯಾದ ಮೀನೇ, ಆದರೆ ಮೇಲೆ ಕೊಟ್ಟ ಸಾಲ್ಮನ್ ಅಂಕಿಗಳನ್ನು ಅದಕ್ಕೆ ಹಚ್ಚುವಂತಿಲ್ಲ. ಹೋಟೆಲುಗಳ ಫಿಶ್ ಫಿಂಗರಿನಲ್ಲಿ ಮೇಲಿಂದ ಮೇಲೆ ಕಾಣುವ ಬಾಸಾ ಸಿಹಿನೀರಿನಲ್ಲಿ ಸಾಕಿದ ಮೀನು. ಮುಳ್ಳಿಲ್ಲ, ವಾಸನೆಯಿಲ್ಲ, ಇಪಿಎ, ಡಿಎಚ್‌ಎ ಕೂಡ ಹೆಚ್ಚೇನೂ ಇಲ್ಲ. ಎರಡನೆಯದಾಗಿ, ‘ಒಮೆಗಾ-3 ಸಮೃದ್ಧ’ ಎಂಬ ಮಾತನ್ನು ಅಂಕಿಯಿಲ್ಲದೆ ನಂಬಬಾರದು. ಯುರೋಪಿನ ನಿಯಮದ ಪ್ರಕಾರ ನೂರು ಗ್ರಾಮಿಗೂ ನೂರು ಕ್ಯಾಲೊರಿಗೂ 80 ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎ ಇದ್ದರೆ ‘ಅಧಿಕ ಒಮೆಗಾ-3’ ಎಂದು ಬರೆಯಬಹುದು. 80 ಎಲ್ಲಿ, ಹಳೆಯ ಸಾಲ್ಮನ್‌ನ 2,740 ಎಲ್ಲಿ! ಒಂದೇ ವಿಶೇಷಣ ಇವೆರಡಕ್ಕೂ ಹೊಂದುತ್ತದೆ ಎಂದಾದರೆ ಕೊಳ್ಳುವವರಿಗೆ ಅದರಿಂದ ತಿಳಿಯುವುದೇನು? ಹೆಸರಾಂತ ಆ್ಯಪ್ ಒಂದರಿಂದ ತರಿಸಿದ ಸೀಬಾಸ್ ಪೊಟ್ಟಣದ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಒಮೆಗಾ-3ಯ ಹೆಸರಿತ್ತು. ಹಿಂಭಾಗದ ಕೋಷ್ಟಕದಲ್ಲಿ ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಕೊಬ್ಬು, ಸೋಡಿಯಂ ಎಲ್ಲವೂ ಇದ್ದವು, ಒಮೆಗಾ-3ಯ ಸಾಲೊಂದೇ ಇರಲಿಲ್ಲ. ಗ್ರಾಹಕ ಸೇವೆಗೆ ಬರೆದು ಮೀನಿಗೆ ಯಾವ ಮೇವು ಹಾಕಲಾಗಿದೆ ಎಂದು ಕೇಳಿದ್ದಕ್ಕೆ ‘ನಮ್ಮ ಮೀನು ಅತ್ಯಂತ ತಾಜಾ’ ಎಂಬ ಉತ್ತರ ಬಂತು.

ನಮ್ಮ ಮನೆಯ ಮಟ್ಟಿಗೆ ನಾನು ಮಾಡಿಕೊಂಡ ಏರ್ಪಾಡು ಇಂಥದ್ದು. ಒಮೆಗಾ-3ಗಾಗಿ ಭೂತಾಯಿ ಮತ್ತು ಬಂಗುಡೆ. ಅದರಲ್ಲೂ ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಭೂತಾಯಿಯ ಮೈಯಲ್ಲಿ ಎಣ್ಣೆ ತುಂಬಿರುತ್ತದೆ. ಬೇಸಿಗೆಯ ಹೊತ್ತಿಗೆ ಅದೇ ಮೀನು ಸೊರಗಿರುತ್ತದೆ. ಬಲೆಯ ಮೀನಿಗೂ ಮೇವಿನ ಲೆಕ್ಕ ತಪ್ಪಿದ್ದಲ್ಲ, ಅಲ್ಲಿ ಮೇವು ಹಾಕುವುದು ಋತು, ಅಷ್ಟೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಬೆಂಗಳೂರಿಗೆ ಬರುವ ಹಸಿ ಕಡಲಮೀನು ಕಡಿಮೆಯಾಗುತ್ತದೆ, ಬಂದದ್ದಕ್ಕೆ ಬೆಲೆ ಏರುತ್ತದೆ, ಅಂಗಡಿಯಲ್ಲಿ ಎಷ್ಟು ದಿನದಿಂದ ಇದೆಯೋ ಎಂಬ ಅನುಮಾನವೂ ಸೇರಿಕೊಳ್ಳುತ್ತದೆ. ಆ ಎರಡು ತಿಂಗಳು ಕೊಳದ, ಪಂಜರದ ಸೀಬಾಸ್ ನಮ್ಮ ಮನೆಗೆ ನಿಸ್ಸಂಕೋಚವಾಗಿ ಬರುತ್ತದೆ, ಪ್ರೋಟೀನಿನ ಮೀನು ಎಂಬ ತಿಳಿವಳಿಕೆಯೊಂದಿಗೆ. ಹಿಡಿದ ದಿನ ಯಾವುದು ಎಂದು ಹೇಳಬಲ್ಲವರು ಸಾಕುವವರು ಮಾತ್ರ. ಆ ವಿಷಯದಲ್ಲಿ ಪಂಜರದ ಮೀನಿಗೆ ಬಲೆಯ ಮೀನು ಸಾಟಿಯಲ್ಲ.

ಹೇಗೆ ಬೇಯಿಸುತ್ತೇವೆ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಕೊಬ್ಬು ಕಡಿಮೆಯಿರುವ ಮೀನನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಆ ಎಣ್ಣೆಯ ಒಮೆಗಾ-6 ಮೀನಿನೊಳಗೆ ಸೇರುತ್ತದೆ. ಪಂಜರದಲ್ಲಿ ಸೋಯಾ ಎಣ್ಣೆ ತಿನ್ನಿಸಿದ್ದಾರೆಂದು ದೂರುವ ನಾವು ಬಾಣಲೆಯಲ್ಲಿ ಅದೇ ಕೆಲಸವನ್ನು ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತೇವೆ. ಎಣ್ಣೆಯಂಶವಿರುವ ಮೀನನ್ನು ಕರಿದರೆ ಅದರ ಒಳ್ಳೆಯ ಎಣ್ಣೆಯಲ್ಲಿ ಒಂದಿಷ್ಟು ಬಾಣಲೆಗೂ ಇಳಿದುಹೋಗುತ್ತದೆ. ಪುಳಿಮುಂಚಿಯಲ್ಲಿ ಆ ಎಣ್ಣೆ ಗಸಿಯಲ್ಲೇ ಉಳಿಯುತ್ತದೆ, ಗಸಿ ಅನ್ನಕ್ಕೆ ಬರುತ್ತದೆ. ಸಾಲ್ಮನ್ ತಂದ ದಿನ ದಪ್ಪ ತಳದ ಕಾವಲಿಯ ಮೇಲೆ ಚರ್ಮದ ಬದಿ ಕೆಳಗೆ ಮಾಡಿಟ್ಟರೆ ಅದರ ಎಣ್ಣೆಯೇ ಸಾಕಾಗುತ್ತದೆ, ಮೇಲೆ ಹನಿಯೂ ಹಾಕಬೇಕಾಗಿಲ್ಲ. ಫ್ರೀಜರಿನಲ್ಲಿ ಇಟ್ಟ ಮಾತ್ರಕ್ಕೆ ಪ್ರೋಟೀನೂ ಒಮೆಗಾ-3ಯೂ ನಾಶವಾಗುವುದಿಲ್ಲ, ಆದರೆ ಎಣ್ಣೆಯ ಮೀನನ್ನು ತಿಂಗಳುಗಟ್ಟಲೆ ಇಟ್ಟರೆ ಕೊಬ್ಬು ಗಾಳಿಯೊಡನೆ ಸೇರಿ ಮುಗ್ಗುತ್ತದೆ. ಸೀಬಾಸನ್ನು ಹೆಚ್ಚು ದಿನ ಇಡಬಹುದು; ಬಂಗುಡೆ, ಭೂತಾಯಿ, ಸಾಲ್ಮನ್‌ಗಳನ್ನು ಗಾಳಿಯಾಡದಂತೆ ಸುತ್ತಿಟ್ಟು ಬೇಗ ಖರ್ಚು ಮಾಡಬೇಕು.